ಶೀಟ್ ಮೊದಲು, ವ್ಯಾಟ್ ಆಮೇಲೆ: ಫೈಬರ್ ಲೇಸರ್ ಕೊಳ್ಳುವ ಮುನ್ನ ಓದಿಕೊಳ್ಳಿ

ತುಮಕೂರಿನ ಅಂತರಸನಹಳ್ಳಿ, ಹಿರೇಹಳ್ಳಿ, ವಸಂತನರಸಾಪುರ ಕಡೆ ಫ್ಯಾಬ್ರಿಕೇಶನ್ ಶೆಡ್ ಇಟ್ಟುಕೊಂಡವರು ಲೋಹದ ಶೀಟ್ ಕತ್ತರಿಸುವ ಫೈಬರ್ ಲೇಸರ್ ಮೆಷಿನ್ ವಿಷಯ ಬಂದ ತಕ್ಷಣ ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಕಿಲೋವ್ಯಾಟ್ ತಗೊಳ್ಳೋಣ?" ಮಾರುವವರೂ ಅಲ್ಲಿಂದಲೇ ಮಾತು ಶುರು ಮಾಡುತ್ತಾರೆ. ಮೂರು ಕೇಳಿದವರಿಗೆ ಆರು ತೋರಿಸುತ್ತಾರೆ, ಆರು ಕೇಳಿದವರಿಗೆ ಹನ್ನೆರಡು. ಕಿಲೋವ್ಯಾಟ್ ಲೆಕ್ಕ ಕೊನೆಗೆ ಬರಲಿ. ನಿಮ್ಮ ಶೆಡ್‌ನಲ್ಲಿ ಯಾವ ಶೀಟ್ ಜಾಸ್ತಿ ಓಡುತ್ತದೆ, ಅದಕ್ಕೆ ಯಾವ ಗ್ಯಾಸ್ ಬೇಕು, ಕೆಲಸಗಾರರ ಕಣ್ಣು ಹೇಗೆ ಕಾಯ್ತೀರಿ, ಈ ಮೂರು ಮೊದಲು ತೀರ್ಮಾನ ಆಗಬೇಕು. ಅದಾದ ಮೇಲೆ ಮೆಷಿನ್ ಯಾವುದು ಅನ್ನುವುದು ಹೆಚ್ಚುಕಮ್ಮಿ ತಾನಾಗಿಯೇ ಗೊತ್ತಾಗುತ್ತದೆ.

ಇದು ಏನು, ಈಗ ಏನು ಬದಲಾಗಿದೆ

ಗಾಜಿನ ಎಳೆಯೊಳಗೇ ಲೇಸರ್ ಹುಟ್ಟಿಸಬಹುದು ಎಂದು ಅಮೆರಿಕದ ಎಲಿಯಾಸ್ ಸ್ನಿಟ್ಜರ್ 1960ರ ದಶಕದ ಆರಂಭದಲ್ಲೇ ತೋರಿಸಿದ್ದರು. ಆದರೆ ಶೀಟ್ ಕತ್ತರಿಸುವಷ್ಟು ಶಕ್ತಿ ಬರಲು ದಶಕಗಳೇ ಹಿಡಿದವು. ಈಗಿನ ಮೆಷಿನ್‌ಗಳಲ್ಲಿ ಯಿಟರ್ಬಿಯಂ ಬೆರೆಸಿದ ಗಾಜಿನ ಎಳೆಗೆ ಸಣ್ಣ ಸಣ್ಣ ಡಯೋಡ್‌ಗಳಿಂದ ಬೆಳಕು ತುಂಬುತ್ತಾರೆ. ಆ ಎಳೆಯಿಂದ ಸುಮಾರು 1070 ನ್ಯಾನೋಮೀಟರ್ ಅಲೆಯುದ್ದದ ಬೆಳಕು ಹೊರಬರುತ್ತದೆ. ಹಳೆಯ ಸಿಒ2 (ಕಾರ್ಬನ್ ಡೈಆಕ್ಸೈಡ್ ಅನಿಲದ) ಲೇಸರ್‌ನದು 10,600 ನ್ಯಾನೋಮೀಟರ್. ಈ ಹತ್ತು ಪಟ್ಟು ವ್ಯತ್ಯಾಸವೇ ಎಲ್ಲಕ್ಕೂ ಮೂಲ. ಚಿಕ್ಕ ಅಲೆಯ ಬೆಳಕನ್ನು ಲೋಹ ಚೆನ್ನಾಗಿ ಹೀರಿಕೊಳ್ಳುತ್ತದೆ, ಅದನ್ನು ತುಂಬಾ ಸಣ್ಣ ಚುಕ್ಕೆಗೆ ಇಳಿಸಬಹುದು, ಕನ್ನಡಿಗಳ ಸಾಲು ಇಲ್ಲದೆ ಕೇಬಲ್‌ನಲ್ಲೇ ಕತ್ತರಿಸುವ ತಲೆಯವರೆಗೆ ಒಯ್ಯಬಹುದು. ಕರೆಂಟಿನ ಲೆಕ್ಕದಲ್ಲೂ ದೊಡ್ಡ ಅಂತರ ಇದೆ. ಸಿಒ2 ಸೋರ್ಸ್ (ಲೇಸರ್ ಹುಟ್ಟಿಸುವ ಭಾಗ) ಎಳೆದ ವಿದ್ಯುತ್ತಿನಲ್ಲಿ ಹತ್ತಿರ ಹತ್ತಿರ ಶೇ. 10 ಮಾತ್ರ ಬೆಳಕಾಗುತ್ತಿತ್ತು, ಫೈಬರ್‌ನಲ್ಲಿ ಶೇ. 30ರಿಂದ 40 ಬೆಳಕಾಗುತ್ತದೆ.

ಇತ್ತೀಚಿನ ಬದಲಾವಣೆಗಳಲ್ಲಿ ನಮ್ಮಂಥ ಸಣ್ಣ ಶೆಡ್‌ಗೆ ನಿಜವಾಗಿ ಉಪಯೋಗಕ್ಕೆ ಬರುವವು ಇವು. ಸಿಲಿಂಡರ್ ಗ್ಯಾಸ್ ಬಿಟ್ಟು ಬರೀ ಕಂಪ್ರೆಸರ್ ಗಾಳಿಯಲ್ಲಿ ಕತ್ತರಿಸುವುದು. ಕೈಯಲ್ಲಿ ಹಿಡಿದು ಮಾಡುವ ಲೇಸರ್ ವೆಲ್ಡಿಂಗ್. ಇದರಲ್ಲಿ 2020ರಿಂದ ಈಚೆಗೆ ನೀರಿನ ಚಿಲ್ಲರ್ ಇಲ್ಲದೆ ಗಾಳಿಯಲ್ಲೇ ತಣ್ಣಗಾಗುವ 1.5 ಕಿಲೋವ್ಯಾಟ್ ಮೆಷಿನ್‌ಗಳೂ ಬಂದಿವೆ. ತುಕ್ಕು, ಪೇಂಟ್ ತೆಗೆಯುವ ಲೇಸರ್ ಕ್ಲೀನಿಂಗ್. ಪಲ್ಸ್‌ನ ಉದ್ದವನ್ನು ಬೇಕಾದಂತೆ ಬದಲಿಸಬಲ್ಲ ಮೋಪಾ ಮಾರ್ಕಿಂಗ್ ಮೆಷಿನ್, ಇದರಲ್ಲಿ ಸ್ಟೀಲ್ ಮೇಲೆ ಬಣ್ಣವೂ ಬರುತ್ತದೆ. ನಡುವೆ ಒಂದು ಚುಕ್ಕೆ, ಸುತ್ತ ಒಂದು ಉಂಗುರ ಎಂದು ಕಿರಣವನ್ನೇ ಎರಡು ಮಾಡುವ ಸೋರ್ಸ್‌ಗಳೂ ಇವೆ. ತಾಮ್ರದ ಬ್ಯಾಟರಿ ವೆಲ್ಡಿಂಗ್‌ನಲ್ಲಿ ಕಿಡಿ ಹಾರುವುದನ್ನು ಇದು ತುಂಬಾ ಕಡಿಮೆ ಮಾಡುತ್ತದೆ. ಗೇಟು, ಗ್ರಿಲ್, ಕಿಚನ್ ಟೇಬಲ್ ಮಾಡುವವರಿಗೆ ಅದಕ್ಕೆ ದುಡ್ಡು ಸುರಿಯುವ ಅಗತ್ಯ ಇಲ್ಲ.

ಹೆಜ್ಜೆ 1: ಮೂರು ತಿಂಗಳ ಪುಸ್ತಕ

ಒಂದು ಸಾದಾ ನೋಟ್‌ಬುಕ್ ಇಡಿ. ಹೊರಗೆ ಕಟಿಂಗ್‌ಗೆ ಕೊಟ್ಟ ಪ್ರತಿ ಕೆಲಸಕ್ಕೂ ನಾಲ್ಕು ಕಾಲಂ: ಯಾವ ಲೋಹ, ಎಷ್ಟು ಎಂಎಂ, ಎಷ್ಟು ಮೀಟರ್ ಕಟಿಂಗ್, ಎಷ್ಟು ತೂತು. ಜಾಬ್ ವರ್ಕ್ ಬಿಲ್ ಹೆಚ್ಚಾಗಿ ಮೀಟರ್ ಮತ್ತು ಪಿಯರ್ಸಿಂಗ್ (ತೂತು ಚುಚ್ಚುವುದು) ಮೇಲೆ ಅಥವಾ ಮೆಷಿನ್ ಗಂಟೆ ಮೇಲೆ ಬರುತ್ತದೆ, ಆದ್ದರಿಂದ ಲೆಕ್ಕ ಸಿಗುವುದು ಕಷ್ಟ ಅಲ್ಲ. ಪ್ಲೇಟನ್ನು ಬೆಂಗಳೂರಿನ ಪೀಣ್ಯಕ್ಕೆ ಒಯ್ದು ತಂದ ಗಾಡಿ ಬಾಡಿಗೆ, ಕಾದು ಕಳೆದ ದಿನಗಳನ್ನೂ ಬರೆಯಿರಿ.

ಮೂರು ತಿಂಗಳಾದ ಮೇಲೆ ಪುಟ ತಿರುವಿ ನೋಡಿ. ಬಹಳಷ್ಟು ಶೆಡ್‌ಗಳಲ್ಲಿ ಕಾಣುವುದು ಒಂದೇ ಚಿತ್ರ: ಹೆಚ್ಚಿನ ಕೆಲಸ 1.2ರಿಂದ 6 ಎಂಎಂ ಒಳಗೇ ಇರುತ್ತದೆ. ಅಡಿಕೆ ಸುಲಿಯುವ ಮೆಷಿನ್‌ನ ಸೈಡ್ ಪ್ಲೇಟು, ಹೋಟೆಲ್ ಕಿಚನ್‌ನ ಎಸ್ಎಸ್ (ಸ್ಟೇನ್‌ಲೆಸ್ ಸ್ಟೀಲ್) ಶೀಟು, ಪ್ಯಾನೆಲ್ ಬಾಕ್ಸ್, ಟ್ರೇಲರ್ ಬ್ರಾಕೆಟ್, ಮನೆ ಗೇಟಿನ ಡಿಸೈನ್. 20 ಎಂಎಂ ಬೇಸ್ ಪ್ಲೇಟ್ ಬರುವುದು ಯಾವಾಗಲೋ ಒಮ್ಮೆ. ಆ ಒಂದಕ್ಕಾಗಿ ದೊಡ್ಡ ಮೆಷಿನ್ ಸಾಲ ಹೊರಬೇಡಿ, ಅದು ಈಗಲೂ ಹೊರಗೆ ಹೋಗಿ ಬರಲಿ.

ಇನ್ನೊಂದು ಮಾತು. ಪುಸ್ತಕದಲ್ಲಿ ಮರ, ಅಕ್ರಿಲಿಕ್, ಎಂಡಿಎಫ್ ಕೆಲಸಗಳೇ ಜಾಸ್ತಿ ಇದ್ದರೆ ಫೈಬರ್ ನಿಮಗಲ್ಲ. ಪಾರದರ್ಶಕ ಅಕ್ರಿಲಿಕ್ ಮೂಲಕ ಆ ಬೆಳಕು ಹಾಗೇ ಹಾದು ಹೋಗುತ್ತದೆ. ಅವಕ್ಕೆ ಸಿಒ2 ಬೇಕು. ಪಿವಿಸಿಯನ್ನಂತೂ ಯಾವ ಲೇಸರ್‌ಗೂ ಹಾಕಬೇಡಿ, ಕ್ಲೋರಿನ್ ಇರುವ ವಿಷದ ಹೊಗೆ ಬರುತ್ತದೆ, ಮೆಷಿನ್ನೂ ತುಕ್ಕು ಹಿಡಿಯುತ್ತದೆ.

ಹೆಜ್ಜೆ 2: ಗ್ಯಾಸಿನ ಲೆಕ್ಕ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಮೆಷಿನ್ ಕೊಂಡ ಮೇಲೆ ತಿಂಗಳು ತಿಂಗಳು ಜೇಬಿನಿಂದ ಹೋಗುವ ದುಡ್ಡು ಇಲ್ಲೇ ಇದೆ.

ಎಂಎಸ್ (ಮಾಮೂಲಿ ಕಬ್ಬಿಣ, ಮೈಲ್ಡ್ ಸ್ಟೀಲ್) ಪ್ಲೇಟನ್ನು ಆಕ್ಸಿಜನ್‌ನಲ್ಲಿ ಕತ್ತರಿಸುವಾಗ ಲೇಸರ್ ಬರೀ ಕಡ್ಡಿ ಗೀರುತ್ತದೆ, ಉರಿಯುವುದು ಕಬ್ಬಿಣವೇ. ಆದ್ದರಿಂದ ಒತ್ತಡ ತೀರಾ ಕಡಿಮೆ ಸಾಕು, ದಪ್ಪ ಪ್ಲೇಟಿಗೆ 1 ಬಾರ್ ಒಳಗೇ ಕೆಲಸ ಆಗುತ್ತದೆ. 1.5 ಎಂಎಂ ನಾಜಲ್‌ನಲ್ಲಿ (ಗ್ಯಾಸ್ ಹೊರಬರುವ ತುದಿ) ಗಂಟೆಗೆ ಸುಮಾರು 2 ಕ್ಯೂಬಿಕ್ ಮೀಟರ್ ಖರ್ಚು. ಮಾಮೂಲಿ 7 ಕ್ಯೂಬಿಕ್ ಮೀಟರ್ ಸಿಲಿಂಡರ್ ಸುಮಾರು ಮೂರು ಗಂಟೆ ಕಟಿಂಗ್‌ಗೆ ಬಂತು ಅನ್ನಿ.

ಎಸ್ಎಸ್ ಹಾಗಲ್ಲ. ಅಂಚು ಬೆಳ್ಳಗೆ, ಕಪ್ಪಾಗದೆ ಬರಬೇಕು ಅಂದರೆ ನೈಟ್ರೋಜನ್ ಬೇಕು. ಅಲ್ಲಿ ಉರಿಯುವುದು ಏನೂ ಇಲ್ಲ, ಲೇಸರ್ ಕರಗಿಸಿದ್ದನ್ನು ಗ್ಯಾಸ್ ಜೋರಾಗಿ ಕೆಳಗೆ ತಳ್ಳಬೇಕು. 2 ಎಂಎಂ ನಾಜಲ್‌ನಲ್ಲಿ 15 ಬಾರ್ ಇಟ್ಟರೆ ಗಂಟೆಗೆ ಸುಮಾರು 35 ಕ್ಯೂಬಿಕ್ ಮೀಟರ್ ಹೋಗುತ್ತದೆ. ಅದೇ 7 ಕ್ಯೂಬಿಕ್ ಮೀಟರ್ ಸಿಲಿಂಡರ್ ಹತ್ತು ಹನ್ನೆರಡು ನಿಮಿಷದಲ್ಲಿ ಖಾಲಿ! ಕೊನೆಯ ಸ್ವಲ್ಪ ಗ್ಯಾಸಿಗೆ ಒತ್ತಡ ಸಾಲದೆ ಸಿಲಿಂಡರ್‌ನಲ್ಲೇ ಉಳಿಯುವುದು ಬೇರೆ. ಎಸ್ಎಸ್ ಕೆಲಸ ದಿನವೂ ಇದ್ದರೆ ಒಂಟಿ ಸಿಲಿಂಡರ್ ನಂಬಿ ಕೂರಬೇಡಿ. ಹಲವು ಸಿಲಿಂಡರ್ ಒಟ್ಟಿಗೆ ಜೋಡಿಸಿದ ಬ್ಯಾಂಕ್, ದ್ರವ ನೈಟ್ರೋಜನ್ ತುಂಬಿದ ಡ್ಯೂರಾ ಸಿಲಿಂಡರ್, ಇಲ್ಲವೇ ನೈಟ್ರೋಜನ್ ಜನರೇಟರ್, ಈ ಮೂರರ ದರವನ್ನು ಮೆಷಿನ್ ಬುಕ್ ಮಾಡುವ ಮೊದಲೇ ತರಿಸಿ ನೋಡಿ. ನೈಟ್ರೋಜನ್ ಇಟ್ಟ ಕೋಣೆಗೆ ಗಾಳಿ ಚೆನ್ನಾಗಿ ಆಡಬೇಕು. ಅದಕ್ಕೆ ವಾಸನೆ ಇಲ್ಲ, ಸೋರಿದರೆ ಉಸಿರಾಡುವ ಗಾಳಿಯ ಜಾಗವನ್ನೇ ತುಂಬುತ್ತದೆ, ಒಳಗೆ ಹೋದವರು ಗೊತ್ತಾಗದೆ ಕುಸಿದು ಬೀಳಬಹುದು.

ಮೂರನೆಯ ದಾರಿ ಗಾಳಿ. ಗಾಳಿಯಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೈಟ್ರೋಜನ್ನೇ ಇದೆ ಅಲ್ವಾ? 15–16 ಬಾರ್ ಕೊಡುವ ಸ್ಕ್ರೂ ಕಂಪ್ರೆಸರ್, ಡ್ರೈಯರ್, ಒಳ್ಳೆಯ ಫಿಲ್ಟರ್ ಇದ್ದರೆ 1ರಿಂದ 3 ಎಂಎಂ ಎಂಎಸ್, ಜಿಐ (ಸತು ಲೇಪಿಸಿದ) ಶೀಟುಗಳನ್ನು ಸೊಗಸಾಗಿ ಕತ್ತರಿಸಬಹುದು. ಅಂಚು ಸ್ವಲ್ಪ ಹಳದಿ ಅಥವಾ ಬೂದು ಬಣ್ಣಕ್ಕೆ ತಿರುಗುತ್ತದೆ, ಅಷ್ಟೇ. ತುಮಕೂರಿನ ಸಣ್ಣ ಶೆಡ್‌ಗಳಿಗೆ ಈ ಹತ್ತು ವರ್ಷಗಳ ದೊಡ್ಡ ಲಾಭ ಇದೇ ಅನ್ನುವುದು ನನ್ನ ಅಭಿಪ್ರಾಯ. ಒಂದೇ ಷರತ್ತು: ಗಾಳಿಯಲ್ಲಿ ಎಣ್ಣೆ, ನೀರು ಇರಲೇಬಾರದು. ಒಂದು ಬಿಳಿ ಕಾಗದಕ್ಕೆ ನಾಜಲ್‌ನಿಂದ ಒಂದು ನಿಮಿಷ ಗಾಳಿ ಬಿಟ್ಟು ನೋಡಿ. ಕಲೆ ಬಿದ್ದರೆ ಆ ಗಾಳಿ ಲೆನ್ಸ್ ಮುಂದಿನ ಗಾಜನ್ನು ಸುಡುತ್ತದೆ.

ಪೌಡರ್ ಕೋಟಿಂಗ್ ಮಾಡಿಸುವವರು ಗಮನಿಸಿ. ಆಕ್ಸಿಜನ್‌ನಲ್ಲಿ ಕತ್ತರಿಸಿದ ಅಂಚಿನ ಮೇಲೆ ತೆಳುವಾದ ಆಕ್ಸೈಡ್ ಪದರ ಇರುತ್ತದೆ. ಅದನ್ನು ಉಜ್ಜಿ ತೆಗೆಯದೆ ಕೋಟಿಂಗ್ ಕೊಟ್ಟರೆ ಕೆಲವೇ ತಿಂಗಳಲ್ಲಿ ಅಂಚಿನಿಂದ ಬಣ್ಣ ಹೊಪ್ಪಳೆ ಏಳುತ್ತದೆ. ಅಂಥ ಕೆಲಸವನ್ನು ಗಾಳಿ ಅಥವಾ ನೈಟ್ರೋಜನ್‌ನಲ್ಲೇ ಮಾಡಿ.

ಹೆಜ್ಜೆ 3: ಈಗ ವ್ಯಾಟ್

ಮಾರಾಟದ ಕಾಗದದಲ್ಲಿ ಬರೆದಿರುವುದು ಗರಿಷ್ಠ ದಪ್ಪ. ದಿನವಿಡೀ ಕಿರಿಕಿರಿ ಇಲ್ಲದೆ ಓಡುವ ದಪ್ಪ ಅದರ ಮೂರನೇ ಎರಡು ಭಾಗ ಎಂದುಕೊಳ್ಳಿ. ಅಂದಾಜಿಗೆ, 1.5 ಕಿಲೋವ್ಯಾಟ್‌ನಲ್ಲಿ 8 ಎಂಎಂ ಎಂಎಸ್, 3–4 ಎಂಎಂ ಎಸ್ಎಸ್ ಆರಾಮಾಗಿ ಆಗುತ್ತದೆ. 3 ಕಿಲೋವ್ಯಾಟ್‌ನಲ್ಲಿ 14–16 ಎಂಎಂ ಎಂಎಸ್, 6 ಎಂಎಂ ಎಸ್ಎಸ್. ಮೇಲಿನ ಪುಸ್ತಕದಂಥ ಕೆಲಸಕ್ಕೆ 3 ಕಿಲೋವ್ಯಾಟ್ ಧಾರಾಳ ಸಾಕು.

ವ್ಯಾಟ್ ದುಪ್ಪಟ್ಟಾದರೆ ವೇಗವೂ ದುಪ್ಪಟ್ಟು ಅನ್ನುವುದು ಎಲ್ಲ ಕಡೆ ನಿಜ ಅಲ್ಲ. ತೆಳು ಶೀಟನ್ನು ನೈಟ್ರೋಜನ್ ಅಥವಾ ಗಾಳಿಯಲ್ಲಿ ಕತ್ತರಿಸುವಾಗ ಉದ್ದದ ಗೆರೆಗಳಲ್ಲಿ ವೇಗ ಚೆನ್ನಾಗಿ ಏರುತ್ತದೆ. ಸಣ್ಣ ಸಣ್ಣ ಹೂಬಳ್ಳಿ ಡಿಸೈನ್ ಇದ್ದರೆ ಕಟಿಂಗ್ ತಲೆ ತಿರುಗಿ ತಿರುಗಿ ಹೋಗಬೇಕು, ಅಲ್ಲಿ ವೇಗ ತಡೆಯುವುದು ಮೆಷಿನ್‌ನ ಮೋಟರ್ ಮತ್ತು ಗ್ಯಾಂಟ್ರಿ (ತಲೆಯನ್ನು ಹೊತ್ತು ಓಡುವ ಚೌಕಟ್ಟು). ಆಕ್ಸಿಜನ್ ಕಟಿಂಗ್‌ನಲ್ಲಿ ಕಬ್ಬಿಣ ಉರಿಯುವ ವೇಗವೇ ಮಿತಿ.

ಕರೆಂಟ್ ವಿಷಯ. 3 ಕಿಲೋವ್ಯಾಟ್ ಸೋರ್ಸ್ ಒಂದೇ 8–9 ಕಿಲೋವ್ಯಾಟ್ ಎಳೆಯುತ್ತದೆ. ಅದರ ಮೇಲೆ ಚಿಲ್ಲರ್, ಮೋಟರ್‌ಗಳು, ಹೊಗೆ ಎಳೆಯುವ ಬ್ಲೋವರ್. ಗಾಳಿ ಕಟಿಂಗ್ ಕಂಪ್ರೆಸರ್ ಮತ್ತೊಂದು ದೊಡ್ಡ ಲೋಡ್. ಎಲ್ಲ ಕೂಡಿ ಬೆಸ್ಕಾಂನಲ್ಲಿ ನಿಮಗೆ ಮಂಜೂರಾದ ಲೋಡ್ ಸಾಕೇ ನೋಡಿ, ಸಾಲದಿದ್ದರೆ ಅರ್ಜಿ ಈಗಲೇ ಹಾಕಿ. ಲೇಸರ್‌ಗೆ ಬೇರೆಯದೇ ಅರ್ಥಿಂಗ್ ಗುಂಡಿ ತೋಡಿಸಿ, ಸ್ಟೆಬಿಲೈಸರ್ ಇಡಿ. ವೆಲ್ಡಿಂಗ್ ಸೆಟ್‌ಗಳ ಲೈನಿಗೇ ಲೇಸರ್ ಸೇರಿಸಬೇಡಿ.

ಸಾಲದ ವಿಷಯಕ್ಕೆ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ. ಹೊಸ ಘಟಕಗಳಿಗೆ ಸಬ್ಸಿಡಿ ಕೊಡುವ ಕೇಂದ್ರ ಸರ್ಕಾರದ ಪಿಎಂಇಜಿಪಿ ಯೋಜನೆಯಲ್ಲಿ ತಯಾರಿಕಾ ಘಟಕದ ವೆಚ್ಚದ ಮಿತಿಯನ್ನು 2022ರಲ್ಲಿ 25 ಲಕ್ಷದಿಂದ 50 ಲಕ್ಷ ರೂಪಾಯಿಗೆ ಏರಿಸಿದ್ದರು. ಈಗಿನ ನಿಯಮವನ್ನು ಅಲ್ಲೇ ಕೇಳಿ ಖಚಿತ ಮಾಡಿಕೊಳ್ಳಿ. ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ, ಆನ್‌ಲೈನ್‌ನಲ್ಲಿ ಉಚಿತ.

ಹೆಜ್ಜೆ 4: ಡೆಮೊಗೆ ನಿಮ್ಮದೇ ಪ್ಲೇಟ್ ಒಯ್ಯಿರಿ

ಬೆಂಗಳೂರಿನ ಬಿಐಇಸಿ ವಸ್ತುಪ್ರದರ್ಶನ ಕೇಂದ್ರದಲ್ಲಿ ಜನವರಿಯಲ್ಲಿ ನಡೆಯುವ ಐಎಂಟೆಕ್ಸ್ ಯಂತ್ರಗಳ ಮೇಳ ನಮಗೆ ತುಮಕೂರು ರಸ್ತೆಯಲ್ಲೇ ಸಿಗುತ್ತದೆ. ಹತ್ತಾರು ಕಂಪನಿ ಒಂದೇ ಸೂರಿನಡಿ ಸಿಗುವ ಜಾಗ, ತಪ್ಪಿಸಬೇಡಿ. ಆದರೆ ಮೇಳದಲ್ಲಿ ಹೊಳೆಯುವ ಶೀಟ್ ಮೇಲೆ ಕತ್ತರಿಸಿದ ನವಿಲನ್ನು ನೋಡಿ ಮಾತು ಕೊಟ್ಟುಬಿಡಬೇಡಿ. ಆಮೇಲೆ ಅವರ ಡೆಮೊ ಸೆಂಟರ್‌ಗೆ ಹೋಗಿ. ನಿಮ್ಮ ಶೆಡ್‌ನ ಮೂಲೆಯಲ್ಲಿ ಸ್ವಲ್ಪ ತುಕ್ಕು ಹಿಡಿದು ಬಿದ್ದಿರುವ 6 ಎಂಎಂ ಎಂಎಸ್ ಪ್ಲೇಟ್, ಒಂದು ಜಿಐ, ಒಂದು ಎಸ್ಎಸ್ ಶೀಟ್ ಗಾಡಿಗೆ ಹಾಕಿಕೊಂಡು ಹೋಗಿ.

ಅಲ್ಲಿ ಇಷ್ಟು ಮಾಡಿಸಿ. 6 ಎಂಎಂ ಪ್ಲೇಟಿನಲ್ಲಿ 5 ಎಂಎಂ ತೂತುಗಳ ಒಂದು ಸಾಲು ಕತ್ತರಿಸಿ, ಅದಕ್ಕೆ ಅಲ್ಲೇ ಎಂ6 ಟ್ಯಾಪ್ ಹಾಕಿ ನೋಡಿ. ಲೇಸರ್ ಶಾಖಕ್ಕೆ ತೂತಿನ ಒಳಗೋಡೆ ಗಟ್ಟಿಯಾಗಿರುತ್ತದೆ, ಸೆಟ್ಟಿಂಗ್ ಸರಿ ಇಲ್ಲದಿದ್ದರೆ ಟ್ಯಾಪ್ ಮುರಿಯುತ್ತದೆ. ಒಂದು ದೊಡ್ಡ ಚೌಕ ಕತ್ತರಿಸಿ ಎರಡೂ ಕರ್ಣ ಅಳೆಯಿರಿ. ಕನಿಷ್ಠ ಅರ್ಧ ಗಂಟೆ ನಿಲ್ಲಿಸದೆ ಓಡಿಸಿ, ಕೊನೆಯ ಪೀಸನ್ನು ಮೊದಲ ಪೀಸಿನ ಪಕ್ಕ ಇಟ್ಟು ಅಂಚು ಸವರಿ ನೋಡಿ. ಕೆಳಗಡೆ ಬೆರಳಿಗೆ ಬರ್ (ಅಂಚಿಗೆ ಅಂಟಿದ ಚೂಪು ಮುಳ್ಳು) ತಗುಲಿದರೆ ಬಿಸಿಯಾದ ಮೇಲೆ ಫೋಕಸ್ ಜಾರುತ್ತಿದೆ ಎಂದು ಅನುಮಾನಿಸಬೇಕು.

ಹಿತ್ತಾಳೆ, ತಾಮ್ರದ ಕೆಲಸ ಇದ್ದರೆ ಅದನ್ನೂ ತೋರಿಸಿ. ಅವು ಕಿರಣವನ್ನು ಬಂದ ದಾರಿಯಲ್ಲೇ ವಾಪಸ್ ಹೊಡೆಯುತ್ತವೆ. ಅದನ್ನು ತಡೆಯುವ ವ್ಯವಸ್ಥೆ ಸೋರ್ಸ್‌ನಲ್ಲಿ ಇದೆಯೇ, ಹಾಗೆ ಹಾಳಾದರೆ ವಾರಂಟಿ ಬರುತ್ತದೆಯೇ, ಎರಡನ್ನೂ ಬರೆಸಿಕೊಳ್ಳಿ. ಸೋರ್ಸ್ ಯಾವ ಕಂಪನಿಯದು, ಕಟಿಂಗ್ ತಲೆ ಯಾವ ಕಂಪನಿಯದು ಅನ್ನುವುದೂ ಕಾಗದದಲ್ಲಿ ಇರಲಿ. ಮೆಷಿನ್ ಮೇಲಿನ ಹೆಸರು ಒಂದು, ಒಳಗಿನ ಸೋರ್ಸ್ ಇನ್ನೊಬ್ಬರದು ಇರುವುದು ಈ ವ್ಯಾಪಾರದಲ್ಲಿ ಮಾಮೂಲು. ಕೆಟ್ಟಾಗ ಸೋರ್ಸನ್ನು ಎಲ್ಲಿಗೆ ಕಳಿಸಬೇಕು, ಅಷ್ಟು ದಿನ ಬದಲಿ ಸೋರ್ಸ್ ಕೊಡ್ತಾರಾ ಎಂದು ಕೇಳಿ.

ಹೆಜ್ಜೆ 5: ಕಣ್ಣು

ಈ ಕಿರಣ ಕಣ್ಣಿಗೆ ಕಾಣುವುದಿಲ್ಲ. ಆದರೆ ಕಣ್ಣಿನೊಳಗೆ ಹೋಗುತ್ತದೆ. ಕಣ್ಣಿನ ಲೆನ್ಸೇ ಅದನ್ನು ಅಕ್ಷಿಪಟಲದ ಮೇಲೆ ಚುಕ್ಕೆಯಾಗಿ ಇಳಿಸಿ ಸುಡಿಸುತ್ತದೆ. ಅಕ್ಷಿಪಟಲಕ್ಕೆ ನೋವು ಗೊತ್ತಾಗುವುದಿಲ್ಲ, ಸುಟ್ಟ ಜಾಗ ಮತ್ತೆ ಸರಿಹೋಗುವುದೂ ಇಲ್ಲ. ಆರ್ಕ್ ವೆಲ್ಡಿಂಗ್ ನೋಡಿ ರಾತ್ರಿ ಕಣ್ಣು ಉರಿದು ಮರುದಿನ ಸರಿಹೋದ ಅನುಭವ ನಮ್ಮ ಹುಡುಗರಿಗೆಲ್ಲ ಇದೆ. ಇದು ಆ ಥರದ್ದಲ್ಲ ಅನ್ನುವುದನ್ನು ಅವರಿಗೆ ಕೂರಿಸಿ ಹೇಳಬೇಕು.

ಸುತ್ತಲೂ ಮುಚ್ಚಿದ ಕಟಿಂಗ್ ಮೆಷಿನ್ ಕೊಳ್ಳಿ. ಬೆಲೆ ಜಾಸ್ತಿ ಆದರೂ ಸರಿ, ಓಪನ್ ಬೆಡ್ ಬೇಡ. ಅದರ ಕಿಟಕಿ ಸಾದಾ ಪಾಲಿಕಾರ್ಬೊನೇಟ್ ಆಗಿದ್ದರೆ ಈ ಬೆಳಕು ಅದರ ಮೂಲಕ ಹೊರಗೆ ಬರುತ್ತದೆ. ಲೇಸರ್ ಗ್ಲಾಸ್ ಎಂಬ ಗುರುತು, ಅಲೆಯುದ್ದ, ಒಡಿ ಸಂಖ್ಯೆ (ಆ ಬೆಳಕನ್ನು ಗಾಜು ಎಷ್ಟು ತಡೆಯುತ್ತದೆ ಎಂಬ ಅಳತೆ) ಕಿಟಕಿಯ ಮೇಲೆ ಇರಬೇಕು.

ಕೈ ವೆಲ್ಡಿಂಗ್ ಮೆಷಿನ್ನೇ ಹೆಚ್ಚು ಅಪಾಯ, ಯಾಕಂದರೆ ಅದು ಮಾಮೂಲಿ ಟಿಗ್ ವೆಲ್ಡಿಂಗ್ ಟಾರ್ಚ್‌ನಂತೆಯೇ ಕಾಣುತ್ತದೆ. ಎಸ್ಎಸ್ ರೇಲಿಂಗ್, ಸಿಂಕ್, ಹಾಲಿನ ಟ್ಯಾಂಕಿಗೆ ಅದರಷ್ಟು ಚೆಂದದ ಕೆಲಸ ಬೇರೆ ಯಾವುದೂ ಕೊಡುವುದಿಲ್ಲ. ವೇಗ ಜಾಸ್ತಿ, ಶೀಟ್ ಸೊಟ್ಟಗಾಗುವುದಿಲ್ಲ, ಗ್ರೈಂಡಿಂಗ್ ಬಹುಪಾಲು ಉಳಿಯುತ್ತದೆ. ಆದರೆ ಹೊಳೆಯುವ ಎಸ್ಎಸ್‌ನಿಂದ ಚಿಮ್ಮಿದ ಕಿರಣ ಶೆಡ್‌ನ ಆ ತುದಿಯಲ್ಲಿ ಟೀ ಕುಡಿಯುತ್ತಿರುವವರ ಕಣ್ಣಿಗೂ ಬೀಳಬಹುದು. ಹೀಗಾಗಿ ಬೇರೆ ಕೋಣೆ ಬೇಕು: ನಾಲ್ಕೂ ಕಡೆ ಶೀಟ್ ಗೋಡೆ, ಒಳಗೆ ಹೊಳಪಿಲ್ಲದ ಕಪ್ಪು ಬಣ್ಣ, ಗಾಜಿನ ಕಿಟಕಿ ಇಲ್ಲ, ಬಾಗಿಲು ತೆರೆದರೆ ಲೇಸರ್ ನಿಲ್ಲುವ ಸ್ವಿಚ್. ವೆಲ್ಡಿಂಗ್‌ಗೆ ಹಾಕುವ ಕೆಂಪು ಪ್ಲಾಸ್ಟಿಕ್ ಪರದೆ ಇಲ್ಲಿ ಲೆಕ್ಕಕ್ಕಿಲ್ಲ. ಒಳಗಿರುವ ಪ್ರತಿಯೊಬ್ಬರಿಗೂ, ಸಹಾಯಕನಿಗೂ, 1070 ನ್ಯಾನೋಮೀಟರ್‌ಗೆ ಒಡಿ 6 ಅಥವಾ 7 ಎಂದು ಅಚ್ಚಾದ ಕನ್ನಡಕ ಇರಬೇಕು. ಮಾಮೂಲಿ ವೆಲ್ಡಿಂಗ್ ಹೆಲ್ಮೆಟ್‌ನ ಕಪ್ಪು ಗಾಜು ಲೇಸರ್‌ಗಾಗಿ ಮಾಡಿದ್ದಲ್ಲ, ಅದನ್ನು ನಂಬಬೇಡಿ.

ಈ ಮೆಷಿನ್‌ಗಳಲ್ಲಿ ಕ್ಲಾಂಪ್ ಜಾಬ್‌ಗೆ ಕಚ್ಚಿ, ನಾಜಲ್ ಜಾಬ್‌ಗೆ ತಾಗಿದಾಗ ಮಾತ್ರ ಕಿರಣ ಬರುವಂತೆ ಒಂದು ಕಾವಲು ಇರುತ್ತದೆ. ಕೆಲಸ ಬೇಗ ಆಗಲಿ ಎಂದು ಕ್ಲಾಂಪನ್ನು ಟಾರ್ಚಿಗೇ ಕಚ್ಚಿಸುವವರನ್ನು ಆ ಕೋಣೆಯೊಳಗೆ ಬಿಡಬೇಡಿ. ಜಿಐ, ಎಸ್ಎಸ್ ಹೊಗೆಯೂ ಒಳ್ಳೆಯದಲ್ಲ, ಎಸ್ಎಸ್ ಹೊಗೆಯಲ್ಲಿ ಕ್ಯಾನ್ಸರ್ ತರಬಲ್ಲ ಕ್ರೋಮಿಯಂ ಇರುತ್ತದೆ. ಹೊಗೆ ಹುಟ್ಟಿದ ಜಾಗದಿಂದಲೇ ಎಳೆಯುವ ವ್ಯವಸ್ಥೆ ಮಾಡಿ. ಅಲ್ಯೂಮಿನಿಯಂ ಪುಡಿಯನ್ನೂ ಕಬ್ಬಿಣದ ಪುಡಿಯನ್ನೂ ಒಂದೇ ಡಸ್ಟ್ ಕಲೆಕ್ಟರ್‌ಗೆ ಬಿಡಬೇಡಿ, ಎರಡೂ ಸೇರಿ ಹೊತ್ತಿಕೊಂಡರೆ ಆರಿಸುವುದು ಬಲು ಕಷ್ಟ.

ಹೆಜ್ಜೆ 6: ಬೆಳಗಿನ ಹತ್ತು ನಿಮಿಷ

ನಾಜಲ್ ಸೆಂಟರ್ ಪರೀಕ್ಷೆಯಿಂದ ದಿನ ಶುರುವಾಗಲಿ. ನಾಜಲ್ ಬಾಯಿಗೆ ಸೆಲ್ಲೋಟೇಪ್ ಅಂಟಿಸಿ, ಬೆರಳಲ್ಲಿ ಒತ್ತಿ ಬಾಯಿಯ ಸುತ್ತಳತೆ ಟೇಪಿನ ಮೇಲೆ ಮೂಡಿಸಿ, ಕಡಿಮೆ ಪವರ್‌ನಲ್ಲಿ ಒಂದೇ ಒಂದು ಪಲ್ಸ್ ಬಿಡಿ. ಟೇಪ್ ತೆಗೆದು ಬೆಳಕಿಗೆ ಹಿಡಿಯಿರಿ. ಸೂಜಿ ಚುಚ್ಚಿದಂಥ ತೂತು ವೃತ್ತದ ನಟ್ಟನಡುವೆ ಇರಬೇಕು. ಒಂದು ಪಕ್ಕಕ್ಕೆ ಸರಿದಿದ್ದರೆ ಶೀಟಿನ ಒಂದು ಕಡೆ ಅಂಚು ನಯ, ಇನ್ನೊಂದು ಕಡೆ ಬರ್ ಬರುತ್ತದೆ. ತಲೆಯ ಪಕ್ಕದ ಸ್ಕ್ರೂ ತಿರುಗಿಸಿ ಸರಿಮಾಡಿ ಮತ್ತೆ ಟೇಪ್ ಅಂಟಿಸಿ ನೋಡಿ.

ಆಮೇಲೆ ಲೆನ್ಸ್ ಮುಂದಿನ ಪ್ರೊಟೆಕ್ಟಿವ್ ಗ್ಲಾಸ್. ಫ್ಯಾನ್ ನಿಲ್ಲಿಸಿ, ಕೈಗವಸು ಹಾಕಿ, ಗ್ಲಾಸ್ ಇರುವ ಡ್ರಾಯರ್ ಎಳೆದ ತಕ್ಷಣ ಆ ಬಾಯಿಗೆ ಟೇಪ್ ಮುಚ್ಚಿ. ಗ್ಲಾಸಿನ ಮೇಲೆ ಕಪ್ಪು ಚುಕ್ಕೆ ಕಂಡರೆ ಬದಲಿಸಿ. ಬರೀ ಧೂಳಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಲೆನ್ಸ್ ಟಿಶ್ಯೂನಲ್ಲಿ ಒಂದೇ ದಿಕ್ಕಿಗೆ ಒರೆಸಿ. ಅಂಗಿಯ ತುದಿಯಲ್ಲಿ ಒರೆಸಿದರೆ ಗೀರು ಬೀಳುತ್ತದೆ, ಗೀರು ಬಿದ್ದ ಕಡೆ ಶಾಖ ನಿಲ್ಲುತ್ತದೆ.

ಮಳೆಗಾಲಕ್ಕೆ ಬೇರೆ ಎಚ್ಚರ. ಜುಲೈ, ಆಗಸ್ಟ್‌ನಲ್ಲಿ ಶೆಡ್ ಒಳಗೆ 26 ಡಿಗ್ರಿ ಬಿಸಿ, ಶೇ. 85 ತೇವ ಇದ್ದರೆ ಸುಮಾರು 23 ಡಿಗ್ರಿಗಿಂತ ತಣ್ಣಗಿರುವ ಎಲ್ಲದರ ಮೇಲೂ ನೀರು ಹನಿಗಟ್ಟುತ್ತದೆ. ಚಿಲ್ಲರ್ 22ಕ್ಕೆ ಇಟ್ಟಿದ್ದರೆ ಸೋರ್ಸ್‌ನ ಒಳಗೇ ಹನಿ. ಸೋರ್ಸ್ ಇರುವ ಕ್ಯಾಬಿನೆಟ್‌ಗೆ ಎಸಿ ಹಾಕಿಸಿ, ಬೆಳಿಗ್ಗೆ ಮೊದಲು ಎಸಿ ಅರ್ಧ ಗಂಟೆ ಓಡಲಿ, ಆಮೇಲೆ ಚಿಲ್ಲರ್, ಕೊನೆಗೆ ಸೋರ್ಸ್. ಚಿಲ್ಲರ್‌ಗೆ ಬೋರ್‌ವೆಲ್ ನೀರು ಬೇಡವೇ ಬೇಡ, ನಮ್ಮ ಕಡೆಯ ಗಡಸು ನೀರು ಸಣ್ಣ ಕೊಳವೆಗಳಲ್ಲಿ ಕಲ್ಲು ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರನ್ನೇ ಹಾಕಿ, ಮೆಷಿನ್ ಪುಸ್ತಕ ಹೇಳಿದಷ್ಟು ದಿನಕ್ಕೆ ಬದಲಿಸಿ.

ಹೆಜ್ಜೆ 7: ಡ್ರಾಯಿಂಗ್ ಮತ್ತು ಶೀಟ್ ಉಳಿತಾಯ

8 ಅಡಿ 4 ಅಡಿಯ 2 ಎಂಎಂ ಎಂಎಸ್ ಶೀಟ್ ಸುಮಾರು 47 ಕಿಲೋ ತೂಗುತ್ತದೆ. ಅದರಲ್ಲಿ ಎಷ್ಟು ಸ್ಕ್ರ್ಯಾಪ್ ಆಯಿತು ಅನ್ನುವುದೇ ನಿಮ್ಮ ಲಾಭ ನಷ್ಟ. ನೆಸ್ಟಿಂಗ್ (ಶೀಟ್ ಮೇಲೆ ಪೀಸುಗಳನ್ನು ಒತ್ತೊತ್ತಾಗಿ ಜೋಡಿಸುವ) ಸಾಫ್ಟ್‌ವೇರ್ ಕಲಿತ ಒಬ್ಬ ಹುಡುಗ ಅಥವಾ ಹುಡುಗಿ ಶೆಡ್‌ನಲ್ಲಿ ಇರಲೇಬೇಕು. ಐಟಿಐ, ಡಿಪ್ಲೊಮಾ ಮುಗಿಸಿದವರಿಗೆ ಇದು ಬೇಗ ಕೈಗೆ ಹತ್ತುತ್ತದೆ. ದೊಡ್ಡ ಪೀಸಿನ ಒಳಗಿನ ಖಾಲಿ ಜಾಗದಲ್ಲಿ ಸಣ್ಣ ಬ್ರಾಕೆಟ್‌ಗಳನ್ನು ಕೂರಿಸಿ, ಪಕ್ಕಪಕ್ಕದ ಚೌಕಗಳಿಗೆ ಒಂದೇ ಗೆರೆ ಹಂಚಿ.

ಗಿರಾಕಿ ಕೊಟ್ಟ ಡಿಎಕ್ಸ್ಎಫ್ ಡ್ರಾಯಿಂಗ್ ಫೈಲನ್ನು ಹಾಗೇ ಮೆಷಿನ್‌ಗೆ ಹಾಕಬೇಡಿ. ಅಳತೆ ಎಂಎಂನಲ್ಲಿದೆಯೇ, ಗೆರೆಗಳು ಪೂರ್ತಿ ಕೂಡಿವೆಯೇ, ಒಂದರ ಮೇಲೊಂದು ಎರಡು ಗೆರೆ ಇದೆಯೇ ನೋಡಿ. ಎರಡು ಗೆರೆ ಇದ್ದರೆ ಮೆಷಿನ್ ಅದೇ ದಾರಿಯಲ್ಲಿ ಎರಡು ಸಲ ಓಡಿ ಅಂಚು ಹಾಳಾಗುತ್ತದೆ. ಶೀಟಿನ ದಪ್ಪಕ್ಕಿಂತ ತೀರಾ ಸಣ್ಣ ತೂತು ಕೇಳಿದರೆ ಡ್ರಿಲ್ಲಿಂಗ್‌ಗೆ ಬಿಡಿ. ಕಿರಣ ಚುಚ್ಚುವ ಜಾಗ ಯಾವಾಗಲೂ ಸ್ಕ್ರ್ಯಾಪ್ ಕಡೆ ಇರಲಿ. ಕತ್ತರಿಸಿದ ಸಣ್ಣ ಪೀಸು ಎದ್ದು ನಿಂತು ಕಟಿಂಗ್ ತಲೆಗೆ ಬಡಿಯದಂತೆ ಒಂದೆರಡು ಕಡೆ ಚೂರು ಜೋಡಣೆ ಉಳಿಸಿ.

ಮೊದಲ ತಿಂಗಳು ನಿಮ್ಮ ಪುಸ್ತಕದಲ್ಲಿ ಅತಿ ಹೆಚ್ಚು ಬಂದ ಒಂದೇ ದಪ್ಪವನ್ನು ಹಿಡಿದು ಕೆಲಸ ಮಾಡಿ. ವೇಗ, ಫೋಕಸ್, ಒತ್ತಡ, ನಾಜಲ್ ಸೈಜ್ ಸರಿಹೊಂದಿದ ದಿನ ಆ ಪೀಸಿನ ಮೇಲೇ ಮಾರ್ಕರ್‌ನಲ್ಲಿ ನಾಲ್ಕನ್ನೂ ಬರೆದು ಗೋಡೆಗೆ ನೇತುಹಾಕಿ. ನಂತರ ಮುಂದಿನ ದಪ್ಪ. ಪ್ರೊಟೆಕ್ಟಿವ್ ಗ್ಲಾಸ್ ಹತ್ತು, ಪ್ರತಿ ಸೈಜಿನ ನಾಜಲ್ ಐದು, ನಾಜಲ್ ಹಿಡಿಯುವ ಸೆರಾಮಿಕ್ ರಿಂಗ್ ಎರಡು ಯಾವಾಗಲೂ ಸ್ಟಾಕ್ ಇರಲಿ. ಶನಿವಾರ ಸಂಜೆ ಕೊನೆಯ ಗ್ಲಾಸ್ ಸುಟ್ಟರೆ ಸೋಮವಾರ ಪೀಣ್ಯದ ಅಂಗಡಿ ತೆರೆಯುವವರೆಗೆ ಮೆಷಿನ್ ಸುಮ್ನೆ ನಿಲ್ಲುತ್ತದೆ.